ಸ್ಕ್ಯಾಟರ್ ಪ್ಲಾಟ್ ನೋಡಿ ಸಹಸಂಬಂಧ ಅಂದಾಜು ಮಾಡುವುದು ಹೇಗೆ? ಆರ್ ಒಂದು ಹೇಳುತ್ತಿದೆ, ಚಿತ್ರ ಇನ್ನೊಂದು

ಹೊಸಬ (ಪ್ರಶ್ನೆ)

ನಮಸ್ಕಾರ. ಸಹಸಂಬಂಧದ ಪಾಠ ಅಭ್ಯಾಸ ಮಾಡಲು ಪಾಮರ್ ಪೆಂಗ್ವಿನ್ ದತ್ತಾಂಶ ತೆಗೆದುಕೊಂಡಿದ್ದೇನೆ. ಅಂಟಾರ್ಕ್ಟಿಕಾದ ಪಾಮರ್ ದ್ವೀಪಸಮೂಹದಲ್ಲಿ 2007ರಿಂದ 2009ರವರೆಗೆ ಅಳತೆ ಮಾಡಿದ 344 ಹಕ್ಕಿಗಳ ಪಟ್ಟಿ. ಎರಡು ಸಾಲುಗಳಲ್ಲಿ ಅಳತೆ ಖಾಲಿ ಇದೆ, ಹಾಗಾಗಿ 342 ಜೋಡಿ ಸಿಕ್ಕವು.

ಸ್ಕ್ಯಾಟರ್ ಪ್ಲಾಟ್ (ಒಂದು ಜೋಡಿಗೆ ಒಂದು ಚುಕ್ಕಿ) ಬರೆದೆ: ಅಡ್ಡ ಅಕ್ಷದಲ್ಲಿ ಕೊಕ್ಕಿನ ಉದ್ದ, ಲಂಬ ಅಕ್ಷದಲ್ಲಿ ಕೊಕ್ಕಿನ ದಪ್ಪ (ಮೇಲಿನಿಂದ ಕೆಳಕ್ಕೆ), ಎರಡೂ ಮಿಲಿಮೀಟರ್‌ನಲ್ಲಿ. ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕಿದರೆ ಪಿಯರ್ಸನ್ ಸಹಸಂಬಂಧ ಗುಣಾಂಕ (ಎರಡು ಅಳತೆಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂದು −1ರಿಂದ 1ರವರೆಗೆ ಹೇಳುವ ಸಂಖ್ಯೆ) ಆರ್ = −0.235 ಬರುತ್ತದೆ. ಟ್ರೆಂಡ್‌ಲೈನ್ ಹಾಕಿದರೆ ಅದೂ ಕೆಳಮುಖ. ಅಂದರೆ ಕೊಕ್ಕು ಉದ್ದವಾದಷ್ಟೂ ತೆಳುವಾಗುತ್ತದೆ, ಸಂಬಂಧ ದುರ್ಬಲ ಎಂದು ಬರೆಯಬೇಕಾಗುತ್ತದೆ. ಆದರೆ ಚುಕ್ಕಿಗಳನ್ನೇ ದಿಟ್ಟಿಸಿ ನೋಡಿದರೆ ಅಲ್ಲಲ್ಲಿ ಮೇಲಕ್ಕೆ ಏರುತ್ತಿರುವ ಹಾಗೆ ಕಾಣುತ್ತದೆ.

ನನ್ನ ಸಂದೇಹಗಳು:

1. ಇಂಥ ಕಡೆ ಯಾವುದನ್ನು ನಂಬಬೇಕು, ಸಂಖ್ಯೆಯನ್ನೋ ಚಿತ್ರವನ್ನೋ?
2. ಚಿತ್ರ ನೋಡಿ ಆರ್ ಸುಮಾರು ಇಷ್ಟು ಎಂದು ಹೇಳುವುದಕ್ಕೆ ಕ್ರಮಬದ್ಧ ವಿಧಾನ ಇದೆಯೇ, ಅಥವಾ ಬರೀ ಕಣ್ಣಂದಾಜೇ?
3. 0.7ಕ್ಕಿಂತ ಮೇಲಿದ್ದರೆ ಬಲವಾದದ್ದು, 0.3ಕ್ಕಿಂತ ಕೆಳಗಿದ್ದರೆ ದುರ್ಬಲ ಎಂಬ ಪಟ್ಟಿ ಎಲ್ಲ ಕಡೆ ಕಾಣುತ್ತೇನೆ. ಅದನ್ನು ಹಾಗೆಯೇ ಬಳಸಬಹುದೇ?

ಅಂಕಿನೋಟ

ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ಆ ಪಟ್ಟಿಯಲ್ಲಿ ಮೂರು ಜಾತಿಯ ಪೆಂಗ್ವಿನ್‌ಗಳಿವೆ: ಅಡೇಲಿ, ಚಿನ್‌ಸ್ಟ್ರ್ಯಾಪ್, ಜೆಂಟೂ. ಜಾತಿಗೊಂದು ಬಣ್ಣ ಕೊಟ್ಟು ಇನ್ನೊಮ್ಮೆ ಚಿತ್ರ ಬರೆಯಿರಿ. ಏರುತ್ತಿರುವ ಮೂರು ಗುಂಪುಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಒಂದೊಂದರ ಒಳಗೆ ಆರ್ ತೆಗೆದರೆ ಅಡೇಲಿಗೆ ಸುಮಾರು 0.39, ಚಿನ್‌ಸ್ಟ್ರ್ಯಾಪ್‌ಗೆ 0.65, ಜೆಂಟೂಗೆ 0.64. ಮೂರೂ ಧನ. ಕೂಡಿಸಿದಾಗ ಮಾತ್ರ ಋಣ.

ಇದು ಏಕೆ ಹೀಗಾಗುತ್ತದೆ ಎಂಬುದನ್ನು ಒಮ್ಮೆ ಕೈಯಲ್ಲಿ ಬಿಡಿಸಿ ನೋಡಿದರೆ ಮುಂದೆಂದೂ ಮರೆಯುವುದಿಲ್ಲ. ಎಲ್ಲ 342 ಹಕ್ಕಿಗಳ ಸರಾಸರಿ ಉದ್ದ 43.9 ಮಿ.ಮೀ., ಸರಾಸರಿ ದಪ್ಪ 17.15 ಮಿ.ಮೀ. ಈ ಎರಡು ಬೆಲೆಗಳಲ್ಲಿ ಒಂದು ಲಂಬ ಗೆರೆ, ಒಂದು ಅಡ್ಡ ಗೆರೆ ಎಳೆಯಿರಿ. ಚಿತ್ರ ನಾಲ್ಕು ಮನೆಗಳಾಗುತ್ತದೆ. ಆರ್ ಲೆಕ್ಕದಲ್ಲಿ ಪ್ರತಿ ಚುಕ್ಕಿಯೂ ಒಂದು ಗುಣಲಬ್ಧ ಕೊಡುತ್ತದೆ: ಉದ್ದದ ಸರಾಸರಿಯಿಂದ ಅದರ ದೂರ ಗುಣಿಸು ದಪ್ಪದ ಸರಾಸರಿಯಿಂದ ಅದರ ದೂರ. ಮೇಲಿನ ಬಲ ಮನೆ ಮತ್ತು ಕೆಳಗಿನ ಎಡ ಮನೆಯ ಚುಕ್ಕಿಗಳು ಧನ ಕೊಡುತ್ತವೆ, ಉಳಿದೆರಡು ಮನೆಯವು ಋಣ ಕೊಡುತ್ತವೆ.

ಈಗ ಜಾತಿಗಳ ಸರಾಸರಿ ಎಲ್ಲಿ ಬೀಳುತ್ತದೆ ನೋಡಿ. ಅಡೇಲಿ: ಉದ್ದ 38.8, ದಪ್ಪ 18.3, ಅಂದರೆ ಮೇಲಿನ ಎಡ ಮನೆ. ಜೆಂಟೂ: 47.5 ಮತ್ತು 15.0, ಕೆಳಗಿನ ಬಲ ಮನೆ. ಇವೆರಡೂ ಋಣದ ಮನೆಗಳು, ಹಕ್ಕಿಗಳ ಸಂಖ್ಯೆ 151 ಮತ್ತು 123. ಧನದ ಮನೆಯಲ್ಲಿ ನಿಂತಿರುವ ಚಿನ್‌ಸ್ಟ್ರ್ಯಾಪ್ (48.8, 18.4) ಬರೀ 68. ಗುಂಪುಗಳ ನಡುವಿನ ಅಂತರ ಗುಂಪಿನ ಒಳಗಿನ ಏರಿಕೆಯನ್ನು ನುಂಗಿಹಾಕಿದೆ. ಸಿಂಪ್ಸನ್ ವಿರೋಧಾಭಾಸ ಎಂದು ಕರೆಯುವುದು ಇದನ್ನೇ.

ಹಾಗಂತ −0.235 ತಪ್ಪು ಲೆಕ್ಕವಲ್ಲ. "ಜಾತಿ ಗೊತ್ತಿಲ್ಲದ ಹಕ್ಕಿಯ ಕೊಕ್ಕು ಉದ್ದವಾಗಿದ್ದರೆ ದಪ್ಪ ಎಷ್ಟಿರಬಹುದು" ಎಂಬ ಪ್ರಶ್ನೆಗೆ ಅದು ಉತ್ತರವೇ. ಆದರೆ ಕೊಕ್ಕಿನ ಬೆಳವಣಿಗೆ ಬಗ್ಗೆ ಮಾತಾಡಬೇಕಾದರೆ ಅದು ಉತ್ತರವಲ್ಲ. ನಂಬಬೇಕಾದ್ದು ಸಂಖ್ಯೆಯನ್ನೋ ಚಿತ್ರವನ್ನೋ ಎಂದು ಕೇಳಿದಿರಿ. ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂಬುದನ್ನು ಚಿತ್ರ ತೋರಿಸುತ್ತದೆ. ಆದ್ದರಿಂದ ಚಿತ್ರ ಮೊದಲು.

ನೋಡುವುದಕ್ಕೂ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು, ಇದು ಒಂದೇ ಗುಂಪೋ, ಹಲವೋ. ಆಮೇಲೆ ಆಕಾರ: ನೇರವೋ, ಬಾಗಿದೆಯೋ, ಬೀಸಣಿಗೆಯಂತೆ ಒಂದು ಕಡೆ ಹರಡಿದೆಯೋ. ಆಮೇಲೆ ದಿಕ್ಕು. ನಂತರ ಗುಂಪಿನಿಂದ ದೂರ ಬಿದ್ದ ಚುಕ್ಕಿಗಳು. ಸಂಬಂಧ ಎಷ್ಟು ಬಿಗಿ ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ. ಬಹಳ ಜನ ಕೊನೆಯದರಿಂದ ಶುರು ಮಾಡುತ್ತಾರೆ, ಅಲ್ಲೇ ಎಡವುತ್ತಾರೆ.

ಒಂದೇ ಸಂಖ್ಯೆಯ ಹಿಂದೆ ಎಷ್ಟು ಬೇರೆ ಆಕಾರಗಳು ಅಡಗಿರಬಹುದು ಎಂಬುದಕ್ಕೆ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಕೊಟ್ಟ ನಾಲ್ಕು ಪಟ್ಟಿಗಳನ್ನು ತಪ್ಪದೆ ಬರೆದು ನೋಡಿ. ಪ್ರತಿಯೊಂದರಲ್ಲೂ 11 ಜೋಡಿ, ಎಕ್ಸ್ ಸರಾಸರಿ 9, ವೈ ಸರಾಸರಿ 7.50, ಆರ್ 0.816, ರಿಗ್ರೆಶನ್ ರೇಖೆ (ಟ್ರೆಂಡ್‌ಲೈನ್) ವೈ = 3 + 0.5 ಎಕ್ಸ್. ನಾಲ್ಕಕ್ಕೂ ಇದೇ. ಚಿತ್ರದಲ್ಲಿ ಒಂದು ಸಾಮಾನ್ಯ ಏರು ಗುಂಪು, ಒಂದು ನುಣುಪಾದ ಬಿಲ್ಲು, ಒಂದು ಸರಳ ರೇಖೆ ಮತ್ತು ಅದರಿಂದ ಸಿಡಿದ ಒಂದು ಚುಕ್ಕಿ, ಕೊನೆಯದರಲ್ಲಿ ಎಕ್ಸ್ = 8ರ ಮೇಲೆ ನೆಟ್ಟಗೆ ನಿಂತ ಹತ್ತು ಚುಕ್ಕಿ ಮತ್ತು ದೂರದ 19ರಲ್ಲಿ ಒಂಟಿ ಚುಕ್ಕಿ. ಆ ನಾಲ್ಕನೆಯದರಲ್ಲಿ ಒಂಟಿ ಚುಕ್ಕಿ ತೆಗೆದರೆ ಆರ್ ಲೆಕ್ಕ ಹಾಕಲೂ ಬರುವುದಿಲ್ಲ, ಏಕೆಂದರೆ ಎಕ್ಸ್ ಬದಲಾಗುವುದೇ ಇಲ್ಲ. 0.816 ಅಷ್ಟೂ ಒಂದು ಚುಕ್ಕಿಯ ಕೊಡುಗೆ.

ಮಾಪಕ

ಮೊದಲ ಪ್ರಶ್ನೆಗೆ ಮೇಲಿನ ಉತ್ತರ ಸಾಕು. ನಾನು ಎರಡನೆಯದಕ್ಕೆ ಬರುತ್ತೇನೆ. ಹೌದು, ವಿಧಾನ ಇದೆ, ಎರಡಿವೆ. ಎರಡೂ ನಡೆಯುವುದು ಚುಕ್ಕಿಗಳು ಒಂದೇ ಗುಂಪಾಗಿ, ಮೊಟ್ಟೆಯಾಕಾರದಲ್ಲಿ, ನೇರವಾಗಿ ಇದ್ದಾಗ ಮಾತ್ರ.

ಮೊದಲು ಚೌಕಟ್ಟು ಸರಿಮಾಡಿ. ಚಿತ್ರ ಚೌಕವಾಗಿರಲಿ. ಪ್ರತಿ ಅಕ್ಷವೂ ತನ್ನ ಸರಾಸರಿಯಿಂದ ಆಚೆ ಈಚೆ 3 ಮಾನಕ ವಿಚಲನೆಯಷ್ಟು (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಚಾಚಿರಲಿ. ಸರಾಸರಿ 50, ಮಾನಕ ವಿಚಲನೆ 8 ಆದರೆ ಅಕ್ಷ 26ರಿಂದ 74. ಇದು ಏಕೆ ಮುಖ್ಯವೆಂದರೆ ಅಕ್ಷದ ವ್ಯಾಪ್ತಿ ಹಿಗ್ಗಿಸಿದರೆ ಚುಕ್ಕಿಗಳು ನಡುವೆ ಕುಗ್ಗಿ ಒತ್ತಾಗಿ ಕೂರುತ್ತವೆ, ಸಂಬಂಧ ಇರುವುದಕ್ಕಿಂತ ಬಲವಾಗಿ ಕಾಣುತ್ತದೆ. ಆರ್ ಮಾತ್ರ ಅಷ್ಟೇ ಇರುತ್ತದೆ. ಕ್ಲೀವ್‌ಲೆಂಡ್, ಡಯಾಕೋನಿಸ್, ಮೆಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1982ರಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟು ಹೋಲಿಸುವಾಗ ಎರಡಕ್ಕೂ ಒಂದೇ ಬಗೆಯ ಅಕ್ಷ ಇರದಿದ್ದರೆ ಆ ಹೋಲಿಕೆಗೆ ಬೆಲೆ ಇಲ್ಲ.

ಮೊದಲ ವಿಧಾನ, ಮೊಟ್ಟೆ ಅಳೆಯುವುದು. ಬಹುತೇಕ ಚುಕ್ಕಿಗಳು ಒಳಗೆ ಬರುವಂತೆ ಪೆನ್ಸಿಲಿನಲ್ಲಿ ಒಂದು ಮೊಟ್ಟೆಯಾಕಾರ ಬರೆಯಿರಿ. ಅದರ ಉದ್ದ, ಅಗಲ ಅಳೆದು ಅಗಲವನ್ನು ಉದ್ದದಿಂದ ಭಾಗಿಸಿ. ಬಂದ ಬೆಲೆ ಕ ಎಂದಿಟ್ಟುಕೊಂಡರೆ

ಆರ್ = (1 − ಕ²) ÷ (1 + ಕ²)

ಅಗಲ ಉದ್ದದ ಮುಕ್ಕಾಲು ಇದ್ದರೆ ಆರ್ 0.28. ಅರ್ಧ ಇದ್ದರೆ 0.6. ಮೂರನೇ ಒಂದು ಭಾಗವಾದರೆ 0.8. ಕಾಲು ಭಾಗವಾದರೆ 0.88. ಈ ನಾಲ್ಕನ್ನು ನೆನಪಿಟ್ಟುಕೊಂಡರೆ ಸಾಕು. ಮೊಟ್ಟೆ ಎಡದಿಂದ ಬಲಕ್ಕೆ ಏರುತ್ತಿದ್ದರೆ ಧನ, ಇಳಿಯುತ್ತಿದ್ದರೆ ಋಣ. ಮುಕ್ಕಾಲು ಅಗಲದ ಮೊಟ್ಟೆ ನೋಡುವ ಕಣ್ಣಿಗೆ ಹೆಚ್ಚುಕಡಿಮೆ ದುಂಡಗೇ ಕಾಣುತ್ತದೆ ಎಂಬುದನ್ನು ಗಮನಿಸಿ. ಮಧ್ಯಮ ಮಟ್ಟದ ಸಂಬಂಧವನ್ನು ಬರಿಗಣ್ಣು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತದೆ. "ಏನೂ ಇಲ್ಲ" ಎಂದು ತಳ್ಳಿಹಾಕುವ ಮೊದಲು ಅಳೆಯಿರಿ.

ಎರಡನೆಯದು ಮನೆ ಎಣಿಸುವ ವಿಧಾನ. ನನ್ನ ಮಟ್ಟಿಗೆ ಇದೇ ಹೆಚ್ಚು ಭರವಸೆಯದು, ಅಕ್ಷದ ಅಳತೆಯ ಹಂಗೂ ಇದಕ್ಕಿಲ್ಲ. ಸರಾಸರಿಯ ಬದಲು ಮಧ್ಯಾಂಕದಲ್ಲಿ ಗೆರೆ ಎಳೆಯಿರಿ: ಚುಕ್ಕಿಗಳಲ್ಲಿ ಅರ್ಧ ಎಡಕ್ಕೆ ಅರ್ಧ ಬಲಕ್ಕೆ ಬರುವಂತೆ ಲಂಬ ಗೆರೆ, ಅರ್ಧ ಮೇಲೆ ಅರ್ಧ ಕೆಳಗೆ ಬರುವಂತೆ ಅಡ್ಡ ಗೆರೆ. ಗೆರೆಯ ಮೇಲೇ ಕೂತ ಚುಕ್ಕಿ ಬಿಟ್ಟುಬಿಡಿ. ಮೇಲಿನ ಬಲ ಮತ್ತು ಕೆಳಗಿನ ಎಡ ಮನೆಗಳ ಚುಕ್ಕಿ ಎಣಿಸಿ, ಒಟ್ಟಿನಲ್ಲಿ ಶೇಕಡಾ ಎಷ್ಟು ನೋಡಿ. ಶೇ. 50 ಇದ್ದರೆ ಆರ್ ಸೊನ್ನೆಯ ಹತ್ತಿರ. ಶೇ. 60ಕ್ಕೆ 0.31, ಶೇ. 67ಕ್ಕೆ 0.5, ಶೇ. 75ಕ್ಕೆ 0.71, ಶೇ. 80ಕ್ಕೆ 0.81, ಶೇ. 90ಕ್ಕೆ 0.95. ಶೇ. 50ಕ್ಕಿಂತ ಕೆಳಗೆ ಇಳಿದರೆ ಅದೇ ಪ್ರಮಾಣದಲ್ಲಿ ಋಣ. ಇದರ ಹಿಂದಿನ ಸೂತ್ರ: ಶೇಕಡಾವನ್ನು ದಶಮಾಂಶ ಮಾಡಿ 0.5 ಕಳೆದು 180 ಡಿಗ್ರಿಯಿಂದ ಗುಣಿಸಿ, ಬಂದ ಕೋನದ ಸೈನ್ ಬೆಲೆಯೇ ಆರ್.

ಇದರಲ್ಲೇ ಆಕಸ್ಮಿಕವೋ ನಿಜವೋ ಎಂಬ ಪರೀಕ್ಷೆಯೂ ಆಗುತ್ತದೆ. ಸಂಬಂಧವೇ ಇಲ್ಲದಿದ್ದರೆ ಅರ್ಧದಷ್ಟು ಚುಕ್ಕಿ ಆ ಎರಡು ಮನೆಗಳಲ್ಲಿರಬೇಕು. ಸಾಮಾನ್ಯ ಏರುಪೇರು ಚುಕ್ಕಿಗಳ ಸಂಖ್ಯೆಯ ವರ್ಗಮೂಲದ ಅರ್ಧ. 40 ಚುಕ್ಕಿ ಇದ್ದರೆ ನಿರೀಕ್ಷೆ 20, ಏರುಪೇರು ಸುಮಾರು 3.2. ಅದರ ಎರಡು ಪಟ್ಟು ದಾಟಬೇಕು. ಚುಕ್ಕಿಗಳು ಅರ್ಧಕ್ಕರ್ಧ ಹಂಚಿದ್ದಾಗ ಈ ಎಣಿಕೆ ಸಮಸಂಖ್ಯೆಯೇ ಬರುತ್ತದೆ, ಹಾಗಾಗಿ 28 ಅಥವಾ ಹೆಚ್ಚು, ಇಲ್ಲವೇ 12 ಅಥವಾ ಕಡಿಮೆ ಬಂದರೆ ಮಾತ್ರ ಏನೋ ಇದೆ ಎನ್ನಬಹುದು. ಕಂಪ್ಯೂಟರ್ ಹತ್ತಿರ ಇಲ್ಲದ ಕಡೆ ಈ ಎಣಿಕೆ ಐದು ನಿಮಿಷದ ಕೆಲಸ.

ಇನ್ನೊಂದು ಮಾತು ಬಿಟ್ಟುಹೋಗಬಾರದು. ರೇಖೆ ಎಷ್ಟು ಕಡಿದಾಗಿದೆ ಎಂಬುದಕ್ಕೂ ಸಂಬಂಧ ಎಷ್ಟು ಬಲವಾಗಿದೆ ಎಂಬುದಕ್ಕೂ ಸಂಬಂಧವಿಲ್ಲ. ಒಂದು ಅಕ್ಷದಲ್ಲಿ ಮಾತ್ರ ಮಿಲಿಮೀಟರನ್ನು ಸೆಂಟಿಮೀಟರ್ ಮಾಡಿದರೆ ರೇಖೆಯ ಇಳಿಜಾರು ಹತ್ತು ಪಟ್ಟು ಬದಲಾಗುತ್ತದೆ, ಆರ್ ಒಂದಿಷ್ಟೂ ಕದಲುವುದಿಲ್ಲ. ನೋಡಬೇಕಾದ್ದು ಚುಕ್ಕಿಗಳು ರೇಖೆಗೆ ಎಷ್ಟು ಅಂಟಿಕೊಂಡಿವೆ ಎಂಬುದನ್ನು.

ನೀಲಿಬಿಂದು

ಮೂರನೆಯ ಪ್ರಶ್ನೆ ಯಾರೂ ಮುಟ್ಟಿಲ್ಲ. 0.7 ಬಲವಾದದ್ದು, 0.3 ದುರ್ಬಲ ಎಂಬ ಪಟ್ಟಿಯನ್ನು ದಯವಿಟ್ಟು ಪಕ್ಕಕ್ಕಿಡಿ. ಬೇರೆ ರೀತಿ ಯೋಚಿಸಿ. ವೈ ಬೆಲೆಯನ್ನು ಎಕ್ಸ್ ನೋಡಿ ಊಹಿಸಿದರೆ ಉಳಿಯುವ ಚದುರುವಿಕೆ, ಮೊದಲಿದ್ದ ಚದುರುವಿಕೆಯ √(1 − ಆರ್²) ಪಾಲು. ಆರ್ 0.5 ಇದ್ದರೆ ಉಳಿಯುವುದು 0.87. ಅಂದರೆ ಊಹೆಯ ತಪ್ಪು ಶೇ. 13 ಮಾತ್ರ ಕುಗ್ಗಿತು. "ಬಲವಾದ" 0.7ಕ್ಕೆ ಉಳಿಯುವುದು 0.71. ತಪ್ಪು ಅರ್ಧಕ್ಕಿಳಿಯಬೇಕಾದರೆ ಆರ್ 0.87 ಬೇಕು. ಒಬ್ಬೊಬ್ಬರ ಬಗ್ಗೆ ಊಹೆ ಮಾಡುವ ಕೆಲಸಕ್ಕೆ 0.7 ಸಾಲದು, ಹಲವು ಕಾರಣಗಳು ಸೇರಿ ಆಗುವ ಒಂದು ಪರಿಣಾಮದಲ್ಲಿ ಒಂದೇ ಕಾರಣ 0.3 ತೋರಿಸಿದರೂ ಅದು ದೊಡ್ಡ ಸುದ್ದಿಯಾಗಬಹುದು.

ತದ್ವಿರುದ್ಧ ಉದಾಹರಣೆಯೂ ಇದೆ. ಎರಡು ಉಪಕರಣಗಳು ಒಂದೇ ವಸ್ತುವನ್ನು ಅಳೆಯುತ್ತಿವೆ, ಆರ್ 0.95 ಬಂತು ಎಂದುಕೊಳ್ಳಿ. ಸಂತೋಷಪಡುವ ಹಾಗಿಲ್ಲ. ಒಂದು ಥರ್ಮಾಮೀಟರ್ ಸದಾ 5 ಡಿಗ್ರಿ ಹೆಚ್ಚು ತೋರಿಸಿದರೂ ಆರ್ 1 ಬರುತ್ತದೆ. ಅಲ್ಲಿ ಸ್ಕ್ಯಾಟರ್ ಪ್ಲಾಟ್ ಮೇಲೆ ವೈ = ಎಕ್ಸ್ ರೇಖೆ ಎಳೆದು ಚುಕ್ಕಿಗಳು ಅದರ ಮೇಲೆ ಕೂತಿವೆಯೇ ನೋಡಬೇಕು. ಸಹಸಂಬಂಧ ಬೇರೆ, ಹೊಂದಾಣಿಕೆ ಬೇರೆ.

ಚುಕ್ಕಿಗಳ ಸಂಖ್ಯೆ ಕಡಿಮೆ ಇದ್ದರೆ ಆರ್ ಎಷ್ಟು ಸಡಿಲ ಎಂಬುದೂ ಗೊತ್ತಿರಲಿ. 20 ಜೋಡಿಗಳಿಂದ 0.5 ಬಂದರೆ ಶೇ. 95 ವಿಶ್ವಾಸಾಂತರ (ನಿಜವಾದ ಆರ್ ಇರಬಹುದಾದ ವ್ಯಾಪ್ತಿ) 0.07ರಿಂದ 0.77. ಇದನ್ನು "ಮಧ್ಯಮ ಸಂಬಂಧ" ಎಂದು ಕರೆಯುವುದರಲ್ಲಿ ಅರ್ಥವೇ ಇಲ್ಲ. ಅದೇ 0.5 ಬೆಲೆ 100 ಜೋಡಿಗಳಿಂದ ಬಂದಿದ್ದರೆ 0.34ರಿಂದ 0.63. 10 ಜೋಡಿ ಮಾತ್ರ ಇದ್ದರೆ ಶೇ. 5 ಮಟ್ಟದಲ್ಲಿ ಸೊನ್ನೆಯಲ್ಲ ಎನ್ನುವುದಕ್ಕೇ ಆರ್ 0.632 ದಾಟಬೇಕು.

ಇನ್ನು ಚಿತ್ರ ಮೋಸ ಮಾಡುವ ಎರಡು ಜಾಗ.

ಒಂದು, ಕತ್ತರಿಸಿದ ವ್ಯಾಪ್ತಿ. ಎಕ್ಸ್‌ನ ಪೂರ್ತಿ ವ್ಯಾಪ್ತಿಯಲ್ಲಿ ಆರ್ 0.6 ಇದೆ ಎಂದಿಟ್ಟುಕೊಳ್ಳಿ. ಆಯ್ಕೆಯಾದವರನ್ನು ಮಾತ್ರ, ಇಲ್ಲವೇ ಒಂದು ಮಿತಿಯ ಒಳಗಿನ ಮಾದರಿಗಳನ್ನು ಮಾತ್ರ ತೆಗೆದುಕೊಂಡದ್ದರಿಂದ ಎಕ್ಸ್‌ನ ಮಾನಕ ವಿಚಲನೆ ಅರ್ಧಕ್ಕಿಳಿದರೆ ಆರ್ ಸುಮಾರು 0.35ಕ್ಕೆ ಬೀಳುತ್ತದೆ. ಸಂಬಂಧ ದುರ್ಬಲವಾಗಲಿಲ್ಲ. ರೇಖೆ ಅದೇ, ರೇಖೆಯ ಸುತ್ತಲಿನ ಚದುರುವಿಕೆಯೂ ಅದೇ. ರೇಖೆಯ ಉದ್ದ ಕಡಿಮೆಯಾಯಿತು, ಅಷ್ಟೇ. ಪ್ರವೇಶ ಪರೀಕ್ಷೆಯ ಅಂಕಕ್ಕೂ ಮುಂದಿನ ಓದಿನ ಅಂಕಕ್ಕೂ ಸಂಬಂಧವೇ ಇಲ್ಲ ಎಂಬ ತೀರ್ಮಾನಗಳಲ್ಲಿ ಈ ತಪ್ಪು ಮೇಲಿಂದ ಮೇಲೆ ಕಾಣುತ್ತದೆ: ಪರೀಕ್ಷೆಯಲ್ಲಿ ಬಿದ್ದವರು ಚಿತ್ರದಲ್ಲೇ ಇರುವುದಿಲ್ಲ.

ಎರಡು, ಮೂಲೆಯಲ್ಲಿ ಮುದುಡಿದ ಗುಂಪು. 62 ಸಸ್ತನಿಗಳ ದೇಹದ ತೂಕ ಮತ್ತು ಮೆದುಳಿನ ತೂಕದ ಪಟ್ಟಿ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ (ಗುಣಾಂಕ ಆರ್ ಅಲ್ಲ) ಮಾಸ್ ಪ್ಯಾಕೇಜಿನಲ್ಲಿದೆ. ನೇರವಾಗಿ ಚಿತ್ರ ಬರೆದರೆ ಆಫ್ರಿಕಾದ ಆನೆ (6654 ಕಿಲೋ ದೇಹ, 5712 ಗ್ರಾಂ ಮೆದುಳು) ಮತ್ತು ಏಷ್ಯಾದ ಆನೆ (2547 ಕಿಲೋ, 4603 ಗ್ರಾಂ) ದೂರದಲ್ಲಿ ನಿಲ್ಲುತ್ತವೆ, ಉಳಿದವೆಲ್ಲ ಎಡ ಕೆಳಮೂಲೆಗೆ ಒತ್ತಿಕೊಂಡು ಒಂದು ಕಲೆಯಾಗುತ್ತವೆ. ಆರ್ 0.93 ಎಂದು ಬರುತ್ತದೆ, ಆದರೆ ಅದು ಬಹುಮಟ್ಟಿಗೆ ಆನೆಗಳ ಮಾತು. ಎರಡೂ ಅಕ್ಷಗಳನ್ನು ಲಾಗ್ ಮಾಡಿ. ಇಲಿಯಿಂದ ಆನೆಯವರೆಗೆ ಎಲ್ಲವೂ ಒಂದು ನೇರ ಪಟ್ಟಿಯಲ್ಲಿ ಬರುತ್ತವೆ, ಆರ್ 0.96. ಸಂಖ್ಯೆಯಲ್ಲಿ ವ್ಯತ್ಯಾಸ 0.03 ಮಾತ್ರ. ಚಿತ್ರದಲ್ಲಿ ಅಜಗಜಾಂತರ. ಒಂದು ಚರದ ಅತಿ ದೊಡ್ಡ ಬೆಲೆ ಅತಿ ಚಿಕ್ಕದರ ನೂರು ಪಟ್ಟು ಮೀರಿದ್ದರೆ ಲಾಗ್ ಅಕ್ಷ ಒಮ್ಮೆ ಪ್ರಯತ್ನಿಸಲೇಬೇಕು. ಸೊನ್ನೆಗೆ, ಋಣ ಸಂಖ್ಯೆಗೆ ಲಾಗ್ ಇಲ್ಲ. ಅಂಥ ಸಾಲುಗಳನ್ನು ತಂತ್ರಾಂಶ ಸದ್ದಿಲ್ಲದೆ ಬಿಟ್ಟುಬಿಡಬಹುದು, ಚುಕ್ಕಿಗಳ ಎಣಿಕೆ ಹೊಂದುತ್ತದೆಯೇ ನೋಡಿಕೊಳ್ಳಿ.

ದೂರದ ಚುಕ್ಕಿಯನ್ನು ಕಂಡ ಕೂಡಲೇ ಅಳಿಸಬೇಡಿ. ಅದನ್ನು ಇಟ್ಟುಕೊಂಡು ಒಮ್ಮೆ, ಬಿಟ್ಟು ಒಮ್ಮೆ ಆರ್ ತೆಗೆಯಿರಿ. ಎರಡೂ ಹತ್ತಿರ ಇದ್ದರೆ ಚಿಂತೆಯಿಲ್ಲ. ಬಹಳ ದೂರವಾದರೆ ಎರಡನ್ನೂ ವರದಿಯಲ್ಲಿ ಬರೆಯಿರಿ, ಮೂಲ ದಾಖಲೆ ತೆಗೆದು ಆ ಸಾಲನ್ನು ಪರಿಶೀಲಿಸಿ.

ತಖ್ತೆ

ವಿಷಯ ಚೆನ್ನಾಗಿ ಬಂದಿದೆ. ಪ್ರಶ್ನೆ ಕೇಳಿದವರು ಸ್ಪ್ರೆಡ್‌ಶೀಟ್ ಬಳಸುತ್ತಿರುವುದರಿಂದ ಅಲ್ಲಿ ನಡೆಯುವ ತಪ್ಪುಗಳನ್ನು ಹೇಳುತ್ತೇನೆ. ಇವು ಚಿತ್ರ ಓದುವುದಕ್ಕಿಂತ ಮೊದಲೇ ಕೆಲಸ ಕೆಡಿಸುತ್ತವೆ.

ಲೈನ್ ಚಾರ್ಟ್ ಆರಿಸಬೇಡಿ, ಸ್ಕ್ಯಾಟರ್ ಎಂದೇ ಆರಿಸಿ. ಲೈನ್ ಚಾರ್ಟ್‌ಗೆ ಎಕ್ಸ್ ಬೆಲೆಗಳು ಬರೀ ಹೆಸರುಗಳು. 2, 3, 50 ಎಂದಿದ್ದರೂ ಸಮದೂರದಲ್ಲಿ ಇಡುತ್ತದೆ. ಸ್ಕ್ಯಾಟರ್ ಆರಿಸಿದರೂ ಎಕ್ಸ್ ಕಾಲಂನಲ್ಲಿ ಪಠ್ಯವಾಗಿ ಉಳಿದ ಒಂದು ಕೋಶ ಇದ್ದರೆ ಎಕ್ಸೆಲ್ ಇಡೀ ಕಾಲಂ ಬಿಟ್ಟು 1, 2, 3 ಎಂದು ತಾನೇ ಹಾಕಿಕೊಳ್ಳುತ್ತದೆ. ಅಡ್ಡ ಅಕ್ಷ ಸಾಲುಗಳ ಸಂಖ್ಯೆಗೆ ಸರಿಯಾಗಿ ಮುಗಿಯುತ್ತಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಕೋಶದಲ್ಲಿ ಎಡಕ್ಕೆ ಅಂಟಿಕೊಂಡಿರುವ ಸಂಖ್ಯೆಯೇ ಆರೋಪಿ. ಬಹಳ ಸಲ ಸಂಖ್ಯೆಯ ಹಿಂದೆ ಒಂದು ಖಾಲಿ ಜಾಗ ಅಥವಾ ಮಾನದ ಹೆಸರು ಸೇರಿರುತ್ತದೆ.

ಎರಡು ಪಕ್ಕದ ಕಾಲಂ ಆರಿಸಿದರೆ ಎಡಗಡೆಯದು ಎಕ್ಸ್ ಆಗುತ್ತದೆ. ಕಾರಣ ಎಂದು ಭಾವಿಸುವುದನ್ನು, ಇಲ್ಲವೇ ಮೊದಲು ಅಳೆಯುವುದನ್ನು ಎಡಕ್ಕಿಡಿ. ಆರ್‌ಗೆ ಇದರಿಂದ ವ್ಯತ್ಯಾಸವಿಲ್ಲ, ಟ್ರೆಂಡ್‌ಲೈನ್‌ಗೆ ಇದೆ.

ಎಲ್ಲಕ್ಕಿಂತ ಅಪಾಯದ್ದು ಒಂದೇ ಕಾಲಂ ಅನ್ನು ವಿಂಗಡಿಸಿಬಿಡುವುದು. ಜೋಡಿಗಳು ಒಡೆದುಹೋಗುತ್ತವೆ. ಎರಡೂ ಕಾಲಂಗಳನ್ನು ಬೇರೆಬೇರೆಯಾಗಿ ಏರಿಕೆ ಕ್ರಮದಲ್ಲಿ ವಿಂಗಡಿಸಿದರಂತೂ ಸಂಬಂಧವೇ ಇಲ್ಲದ ದತ್ತಾಂಶವೂ 0.95ರ ಮೇಲೆ ಆರ್ ಕೊಡಬಹುದು, ಚಿತ್ರದಲ್ಲಿ ಚುಕ್ಕಿಗಳು ಎಲ್ಲೂ ಕೆಳಗಿಳಿಯದೆ ಮೆಟ್ಟಿಲಿನಂತೆ ಮೇಲೇರುತ್ತವೆ. ಒಂದು ಚುಕ್ಕಿಯೂ ಹಿಂದೆ ಸರಿಯದೆ ಏರುವ ಸ್ಕ್ಯಾಟರ್ ಪ್ಲಾಟ್ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ವಿಂಗಡಿಸುವುದಾದರೆ ಇಡೀ ಪಟ್ಟಿಯನ್ನು ಆರಿಸಿಕೊಂಡು ಮಾಡಿ, ಮೊದಲೇ ಒಂದು ಕ್ರಮಸಂಖ್ಯೆ ಕಾಲಂ ಹಾಕಿಟ್ಟಿರಿ.

ಖಾಲಿ ಕೋಶ ಮತ್ತು ಸೊನ್ನೆ ಬೇರೆಬೇರೆ. ಆರ್ ಲೆಕ್ಕ ಹಾಕುವ ಕೊರೆಲ್ ಫಂಕ್ಷನ್ ಖಾಲಿ ಕೋಶವನ್ನೂ ಪಠ್ಯವನ್ನೂ ಬಿಟ್ಟುಬಿಡುತ್ತದೆ, ಸೊನ್ನೆಯನ್ನು ಸೇರಿಸಿಕೊಳ್ಳುತ್ತದೆ. ಅಳತೆ ಸಿಗದ ಕಡೆ 0 ಅಥವಾ −999 ತುಂಬಿದ್ದರೆ ಚಿತ್ರದಲ್ಲಿ ಅಕ್ಷಕ್ಕೆ ಅಂಟಿಕೊಂಡ ಒಂದು ಸಾಲು, ಅಥವಾ ಬಹಳ ದೂರದಲ್ಲಿ ಒಂದು ಗುಂಪು ಕಾಣುತ್ತದೆ. ಇದನ್ನು ಹಿಡಿಯುವುದರಲ್ಲಿ ಸ್ಕ್ಯಾಟರ್ ಪ್ಲಾಟ್‌ಗಿಂತ ಒಳ್ಳೆಯ ಸಾಧನವಿಲ್ಲ.

ಪೆಂಗ್ವಿನ್ ಚಿತ್ರಕ್ಕೆ: ಪಟ್ಟಿಯನ್ನು ಜಾತಿಯ ಪ್ರಕಾರ ವಿಂಗಡಿಸಿ, ಚಾರ್ಟ್‌ನಲ್ಲಿ ಪ್ರತಿ ಜಾತಿಯನ್ನೂ ಪ್ರತ್ಯೇಕ ಸೀರೀಸ್ ಆಗಿ ಸೇರಿಸಿ, ಟ್ರೆಂಡ್‌ಲೈನ್ ಮೂರಕ್ಕೂ ಬೇರೆ ಹಾಕಿ. ಪೈಥಾನ್ ಸ್ವಲ್ಪ ಬಂದರೆ ಇನ್ನೂ ಸುಲಭ. ಸೀಬಾರ್ನ್ ಲೈಬ್ರರಿಯಲ್ಲಿ ಈ ದತ್ತಾಂಶ ಪೆಂಗ್ವಿನ್ಸ್ ಎಂಬ ಹೆಸರಲ್ಲೇ ಸಿಗುತ್ತದೆ, ಸ್ಕ್ಯಾಟರ್‌ಪ್ಲಾಟ್ ಫಂಕ್ಷನ್‌ನ ಹ್ಯೂ ಎಂಬಲ್ಲಿ ಜಾತಿಯ ಕಾಲಂ ಕೊಟ್ಟರೆ ಬಣ್ಣ ತಾನಾಗಿ ಬರುತ್ತದೆ. ಬಣ್ಣದ ಜೊತೆಗೆ ಚುಕ್ಕಿಯ ಆಕಾರವನ್ನೂ ಬದಲಿಸಿ, ಬಣ್ಣ ಗುರುತಿಸಲಾಗದವರಿಗೂ ಕಪ್ಪುಬಿಳುಪು ಮುದ್ರಣಕ್ಕೂ ಅದು ಬೇಕು.

342 ಚುಕ್ಕಿಗಳಿಗೆ ತೊಂದರೆಯಿಲ್ಲ. ಸಾವಿರಾರು ಇದ್ದಾಗ ಒಂದರ ಮೇಲೊಂದು ಕೂತು, ಹತ್ತು ಚುಕ್ಕಿಯ ಜಾಗವೂ ಸಾವಿರ ಚುಕ್ಕಿಯ ಜಾಗವೂ ಒಂದೇ ಥರ ಕಪ್ಪಾಗುತ್ತವೆ. ಚುಕ್ಕಿ ಚಿಕ್ಕದು ಮಾಡಿ, ಆಲ್ಫಾ (ಚುಕ್ಕಿಯ ಬಣ್ಣದ ದಟ್ಟಣೆ; ಕಡಿಮೆಯಾದಷ್ಟೂ ಪಾರದರ್ಶಕ) 0.1ರಿಂದ 0.3ರ ನಡುವೆ ಇಡಿ. ಹತ್ತಾರು ಸಾವಿರ ಮೀರಿದರೆ ಹೆಕ್ಸ್‌ಬಿನ್ ಬಳಸಿ, ಆರು ಮೂಲೆಯ ಕೋಣೆಗಳಿಗೆ ಎಣಿಕೆಗೆ ತಕ್ಕ ಬಣ್ಣ ಬರುತ್ತದೆ. 1ರಿಂದ 5ರವರೆಗಿನ ಶ್ರೇಣಿಯಂಥ ಪೂರ್ಣಾಂಕಗಳಾದರೆ 25 ಜಾಗಗಳಲ್ಲೇ ಎಲ್ಲ ಚುಕ್ಕಿ ಕೂರುತ್ತದೆ. ಅಲ್ಲಿ ಸ್ವಲ್ಪ ಜಿಟ್ಟರ್ ಕೊಡಿ, ಅಂದರೆ ಚುಕ್ಕಿಗಳನ್ನು ಆಕಸ್ಮಿಕವಾಗಿ ಆಚೆ ಈಚೆ ಸರಿಸಿ, ±0.2ರಷ್ಟು. ಜಿಟ್ಟರ್ ಚಿತ್ರಕ್ಕೆ ಮಾತ್ರ. ಆರ್ ಲೆಕ್ಕ ಮೂಲ ಬೆಲೆಗಳ ಮೇಲೇ ನಡೆಯಬೇಕು.

ಹೊಸಬ

ಎಲ್ಲರಿಗೂ ಧನ್ಯವಾದ. ಬಣ್ಣ ಕೊಟ್ಟು ಬರೆದೆ, ಮೂರು ಗುಂಪುಗಳೂ ಏರುವುದು ಸ್ಪಷ್ಟವಾಗಿ ಕಂಡಿತು. ಜಾತಿವಾರು ಆರ್ ಕೂಡ ಹೇಳಿದಂತೆಯೇ ಬಂತು.

ಇನ್ನು ಎರಡು ಸಂದೇಹ. ಪಿಯರ್ಸನ್ ಬದಲು ಸ್ಪಿಯರ್‌ಮನ್ ಬಳಸಿದ್ದರೆ ಈ ತೊಂದರೆ ತಪ್ಪುತ್ತಿತ್ತೇ? ಹಾಗೆಯೇ, ದತ್ತಾಂಶದಲ್ಲಿ ಜಾತಿಯಂಥ ಕಾಲಂ ಇಲ್ಲದಿದ್ದರೆ ಗುಂಪುಗಳಿವೆ ಎಂದು ಹೇಗೆ ಗೊತ್ತಾಗುತ್ತದೆ?

ಅಂಕಿನೋಟ

ತಪ್ಪುತ್ತಿರಲಿಲ್ಲ. ಸ್ಪಿಯರ್‌ಮನ್ ಮಾಡುವುದು ಬೆಲೆಗಳ ಬದಲು ಅವುಗಳ ಶ್ರೇಣಿ (ಏರಿಕೆ ಕ್ರಮದಲ್ಲಿ ಎಷ್ಟನೆಯದು) ತೆಗೆದುಕೊಂಡು ಅದೇ ಲೆಕ್ಕ. ಅದರಿಂದ ಉಪಯೋಗ ಆಗುವುದು ಎರಡು ಕಡೆ: ಸಂಬಂಧ ಬಾಗಿದ್ದರೂ ಒಂದೇ ದಿಕ್ಕಿನಲ್ಲಿ ಹೋಗುವಾಗ, ಮತ್ತು ಒಂದೆರಡು ಚುಕ್ಕಿ ಅತಿ ದೂರ ಇದ್ದಾಗ. ಎಕ್ಸ್ 1ರಿಂದ 10, ವೈ ಎಂಬುದು 2ರ ಘಾತಗಳು, ಅಂದರೆ 2, 4, 8 ಹೀಗೆ 1024ರವರೆಗೆ ಎಂದು ಬರೆದು ನೋಡಿ. ಎಕ್ಸ್ ಗೊತ್ತಿದ್ದರೆ ವೈ ನಿಖರವಾಗಿ ಗೊತ್ತು, ಆದರೂ ಪಿಯರ್ಸನ್ 0.80 ಎನ್ನುತ್ತದೆ, ಸ್ಪಿಯರ್‌ಮನ್ 1. ಆದರೆ ಎಕ್ಸ್ −3ರಿಂದ 3, ವೈ = ಎಕ್ಸ್² ಎಂದಾದರೆ ಎರಡೂ ಸೊನ್ನೆ. ಬಿಲ್ಲಿನಂತೆ ಬಾಗಿ ಹಿಂತಿರುಗುವ ಸಂಬಂಧವನ್ನೂ, ಗುಂಪುಗಳ ಬೆರಕೆಯನ್ನೂ ಇವೆರಡರಲ್ಲಿ ಯಾವುದೂ ಹೇಳಲಾರದು.

ಕಾಲಂ ಇಲ್ಲದಿದ್ದಾಗ: ಚುಕ್ಕಿಗಳ ನಡುವೆ ಖಾಲಿ ಓಣಿ ಕಾಣುತ್ತದೆಯೇ ನೋಡಿ. ಎರಡೂ ಚರಗಳ ಹಿಸ್ಟೋಗ್ರಾಂ ಅಕ್ಷಗಳ ಅಂಚಿನಲ್ಲಿ ಬರೆಯಿರಿ, ಎರಡು ದಿಬ್ಬ ಕಂಡರೆ ಗುಂಪು ಇದೆ ಎಂದೇ ಹಿಡಿಯಿರಿ. ಓಲ್ಡ್ ಫೇಯ್ತ್‌ಫುಲ್ ಬಿಸಿನೀರ ಬುಗ್ಗೆಯ 272 ಚಿಮ್ಮುಗಳ ಪಟ್ಟಿ ಇದಕ್ಕೆ ಒಳ್ಳೆಯ ಅಭ್ಯಾಸ. ಚಿಮ್ಮುವ ಅವಧಿಗೂ ಮುಂದಿನದಕ್ಕೆ ಕಾಯುವ ಹೊತ್ತಿಗೂ ಆರ್ 0.90. ಚಿತ್ರದಲ್ಲಿ ನೋಡಿದರೆ ಎರಡು ಗುಂಪು, ಕಿರು ಚಿಮ್ಮುಗಳದ್ದು ಒಂದು, ದೀರ್ಘ ಚಿಮ್ಮುಗಳದ್ದು ಇನ್ನೊಂದು. ನಡುವೆ ಹೆಚ್ಚೇನೂ ಇಲ್ಲ. 0.90ರ ದೊಡ್ಡ ಪಾಲು ಈ ಎರಡರ ನಡುವಿನ ಅಂತರದಿಂದ ಬಂದದ್ದು, ಒಂದೊಂದು ಗುಂಪಿನ ಒಳಗೆ ಸಂಬಂಧ ಇದಕ್ಕಿಂತ ಬಹಳ ಸಡಿಲ. ಪೆಂಗ್ವಿನ್‌ನಲ್ಲಿ ಬೆರಕೆ ಚಿಹ್ನೆಯನ್ನೇ ತಿರುಗಿಸಿತು, ಇಲ್ಲಿ ಬಲವನ್ನು ಹಿಗ್ಗಿಸಿತು.

ಓಣಿ ಕಾಣದೆಯೂ ಗುಂಪುಗಳು ಇರಬಹುದು. ಆದ್ದರಿಂದ ದತ್ತಾಂಶ ಹೇಗೆ ಸಂಗ್ರಹವಾಯಿತು ಎಂದು ಕೇಳಿ: ಯಾವ ಯಂತ್ರ, ಯಾವ ಪಾಳಿ, ಯಾವ ವರ್ಷ, ಅಳೆದವರು ಯಾರು. ಸಿಕ್ಕ ಪ್ರತಿಯೊಂದು ಗುರುತಿಗೂ ಒಮ್ಮೆ ಬಣ್ಣ ಕೊಟ್ಟು ನೋಡಿ.

ಮಾಪಕ

ಗುರುತುಗಳಲ್ಲಿ ಕಾಲವನ್ನು ಮರೆಯಬೇಡಿ. ಸಾಲುಗಳು ದಿನ ಅಥವಾ ವರ್ಷದ ಕ್ರಮದಲ್ಲಿದ್ದರೆ ಚುಕ್ಕಿಗಳಿಗೆ ಕಾಲಕ್ಕೆ ತಕ್ಕ ತಿಳಿಯಿಂದ ಗಾಢಕ್ಕೆ ಹೋಗುವ ಬಣ್ಣ ಕೊಡಿ. ಬಣ್ಣ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಹರಿದರೆ, ಎರಡೂ ಚರಗಳು ಬರೀ ಕಾಲದ ಜೊತೆ ಏರುತ್ತಿರಬಹುದು. ಕಾಲದೊಂದಿಗೆ ಏರುವ ಯಾವ ಎರಡನ್ನು ಜೋಡಿಸಿದರೂ ಆರ್ 0.9 ದಾಟುವುದು ಸಾಮಾನ್ಯ. ಸಂಖ್ಯಾಶಾಸ್ತ್ರಜ್ಞ ಯೂಲ್ 1926ರಲ್ಲೇ ಇದನ್ನು ಅರ್ಥಹೀನ ಸಹಸಂಬಂಧ ಎಂದು ಕರೆದು ಕಾರಣ ವಿವರಿಸಿದ್ದಾರೆ. ಪರೀಕ್ಷಿಸಲು ಪ್ರತಿ ಸಾಲಿನಿಂದ ಹಿಂದಿನ ಸಾಲಿನ ಬೆಲೆ ಕಳೆದು, ಆ ವ್ಯತ್ಯಾಸಗಳ ಸ್ಕ್ಯಾಟರ್ ಪ್ಲಾಟ್ ಬರೆಯಿರಿ. ಒಂದು ಏರಿದ ವರ್ಷ ಇನ್ನೊಂದೂ ಏರಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಗುಂಪು ದುಂಡಗಾದರೆ ಮೊದಲ ಆರ್ ಕಾಲದ್ದು.

ವರದಿಗೆ ಒಂದು ಸಲಹೆ. ಚಿತ್ರ, ಜೋಡಿಗಳ ಸಂಖ್ಯೆ, ಆರ್, ಅದರ ವಿಶ್ವಾಸಾಂತರ, ಬಿಟ್ಟ ಸಾಲುಗಳು ಎಷ್ಟು ಮತ್ತು ಏಕೆ, ಇಷ್ಟು ಒಟ್ಟಿಗೆ ಇರಲಿ. ನಿಮ್ಮ ಚಿತ್ರದ ಅಡಿಯಲ್ಲಿ ಹೀಗೆ ಬರೆಯಬಹುದು: "342 ಪೆಂಗ್ವಿನ್‌ಗಳು, ಅಳತೆಯಿಲ್ಲದ 2 ಬಿಟ್ಟಿದೆ. ಜಾತಿಯೊಳಗೆ ಕೊಕ್ಕಿನ ಉದ್ದ ಮತ್ತು ದಪ್ಪ ಒಟ್ಟಿಗೆ ಏರುತ್ತವೆ: ಅಡೇಲಿ 0.39 (151), ಚಿನ್‌ಸ್ಟ್ರ್ಯಾಪ್ 0.65 (68), ಜೆಂಟೂ 0.64 (123). ಮೂರೂ ಜಾತಿ ಬೆರೆಸಿದಾಗ −0.235." ವಿಶ್ವಾಸಾಂತರವನ್ನು ಸೇರಿಸುವುದು ನಿಮಗೆ ಬಿಟ್ಟದ್ದು: ಆರ್ ಅನ್ನು ಫಿಶರ್ ಫಂಕ್ಷನ್‌ಗೆ ಕೊಡಿ, ಬಂದದ್ದಕ್ಕೆ 1.96 ÷ √(ಜೋಡಿಗಳು − 3) ಒಮ್ಮೆ ಕೂಡಿ ಒಮ್ಮೆ ಕಳೆಯಿರಿ, ಎರಡನ್ನೂ ಫಿಶರ್‌ಇನ್ವ್ ಫಂಕ್ಷನ್‌ನಿಂದ ಹಿಂದಕ್ಕೆ ತಿರುಗಿಸಿ. ಎಕ್ಸೆಲ್‌ನಲ್ಲಿ ಎರಡೂ ಇವೆ.